ಪ್ರಿಟೋರಿಯಾ ಬರೆದ ಕಾನೂನು, ದೆಹಲಿ ಬರೆಯದ ಕಾನೂನು

ಕರ್ನಾಟಕ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಸದಸ್ಯರಿಗೆ,



2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಾಲ್ಕು ದಿನ ನಡೆದ ‘ಇನ್ವೆಸ್ಟ್ ಕರ್ನಾಟಕ’ ಸಮಾವೇಶ ಮುಗಿದಾಗ ಸರ್ಕಾರ ಕೊಟ್ಟ ಲೆಕ್ಕ 10.27 ಲಕ್ಷ ಕೋಟಿ ರೂಪಾಯಿ. ಇಂಥ ಸಮಾವೇಶಗಳಲ್ಲಿ ಎಷ್ಟು ಕಂಪನಿ, ಎಷ್ಟು ಉದ್ಯೋಗ, ಯಾವ ಜಿಲ್ಲೆಗೆ ಏನು ಸಿಕ್ಕಿತು ಎಂಬ ಮಾತು ಧಾರಾಳವಾಗಿ ನಡೆಯುತ್ತದೆ. ಹಾಕಿದ ಹಣಕ್ಕೆ ನಾಳೆ ತಕರಾರು ಬಂದರೆ ಹೊರದೇಶದವರು ಯಾವ ಬಾಗಿಲು ತಟ್ಟಬೇಕು ಎಂಬ ಪ್ರಶ್ನೆ ಮಾತ್ರ ವೇದಿಕೆ ಹತ್ತುವುದಿಲ್ಲ. ಅದು ದೆಹಲಿಯವರ ತಲೆನೋವು, ರಾಜ್ಯದ ಕೆಲಸ ಜಮೀನು, ನೀರು, ಕರೆಂಟು ಕೊಡುವುದಷ್ಟೆ ಎಂದು ವಿಧಾನಸೌಧ ನಂಬಿಕೊಂಡಂತಿದೆ.

ಆ ನಂಬಿಕೆಗೆ ಎಷ್ಟು ಬೆಲೆ ಎಂಬುದನ್ನು ಪಕ್ಕದ ತಮಿಳುನಾಡು ಕಂಡಿದೆ. 2008ರಲ್ಲಿ ಅಲ್ಲಿನ ಸರ್ಕಾರ ಜಪಾನಿನ ನಿಸ್ಸಾನ್ ಜೊತೆ ಒಡಂಬಡಿಕೆ ಮಾಡಿಕೊಂಡಿತು. ಚೆನ್ನೈ ಹತ್ತಿರದ ಓರಗಡಂನಲ್ಲಿ ಕಾರು ಕಾರ್ಖಾನೆ ಎದ್ದಿತು. ತೆರಿಗೆ ಮರುಪಾವತಿ ಸೇರಿದಂತೆ ರಾಜ್ಯ ಒಪ್ಪಿಕೊಂಡಿದ್ದ ಪ್ರೋತ್ಸಾಹಧನ ಬರಲಿಲ್ಲ ಎಂಬುದು ಕಂಪನಿಯ ದೂರು. ಪತ್ರ, ಸಭೆ, ಮನವಿ ಎಲ್ಲ ಆದ ಮೇಲೆ ಅದು ಹೋದದ್ದು ಮದ್ರಾಸ್ ಹೈಕೋರ್ಟಿಗಲ್ಲ. ಭಾರತ ಮತ್ತು ಜಪಾನ್ ನಡುವೆ 2011ರಲ್ಲಿ ಜಾರಿಗೆ ಬಂದ ಆರ್ಥಿಕ ಸಹಭಾಗಿತ್ವ ಒಪ್ಪಂದವನ್ನು ಹಿಡಿದು, ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿಯ ಮುಂದೆ ಭಾರತ ಗಣರಾಜ್ಯವನ್ನೇ ಪ್ರತಿವಾದಿಯಾಗಿ ನಿಲ್ಲಿಸಿತು. ಬಾಕಿ ಮತ್ತು ನಷ್ಟ ಸೇರಿ ಕೇಳಿದ್ದು ಸುಮಾರು 5,000 ಕೋಟಿ ರೂಪಾಯಿ. ಈ ವ್ಯಾಜ್ಯ ಕೇಳಲು ತನಗೆ ಅಧಿಕಾರವಿದೆ ಎಂದು 2019ರಲ್ಲಿ ಮಂಡಳಿ ಹೇಳಿತು. ಮರುವರ್ಷ ರಾಜಿಯಾಯಿತು.

ರಾಜ್ಯ ಸರ್ಕಾರ ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ಅಂತರರಾಷ್ಟ್ರೀಯ ಕಾನೂನಿನ ಕಣ್ಣಲ್ಲಿ ದೇಶವೇ ಹೊಣೆ. ಕೇಂದ್ರ, ರಾಜ್ಯ, ಪಂಚಾಯಿತಿ ಎಂಬ ನಮ್ಮ ವಿಂಗಡಣೆ ಅಲ್ಲಿ ನಡೆಯುವುದಿಲ್ಲ. ಜಪಾನ್ ಜೊತೆಗಿನ ಆ ಒಪ್ಪಂದ ಇಂದಿಗೂ ಜಾರಿಯಲ್ಲಿದೆ. ಬಿಡದಿಯಲ್ಲೂ ತುಮಕೂರಿನ ವಸಂತನರಸಾಪುರದಲ್ಲೂ ಜಪಾನಿ ಬಂಡವಾಳ ಇರುವಾಗ ಶಾಸಕರು ಇದನ್ನು ತಿಳಿದಿರಬೇಕಾದ್ದು ಸಹಜ.

ವಿದೇಶಿ ಹೂಡಿಕೆದಾರರಿಗೆ ಎಷ್ಟು ರಕ್ಷಣೆ ಕೊಡಬೇಕು, ಯಾವ ರೂಪದಲ್ಲಿ ಕೊಡಬೇಕು ಎಂದು ಕಳೆದ ಹದಿನೈದು ವರ್ಷಗಳಲ್ಲಿ ಹೊಸದಾಗಿ ಯೋಚಿಸಿದ ದೇಶಗಳಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ಮುಖ್ಯವಾದವು. ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಲು ಕಾರಣವಿದೆ. ಎರಡರ ಕೋರ್ಟು ಪದ್ಧತಿಯಲ್ಲೂ ಬ್ರಿಟಿಷರ ಗುರುತಿದೆ. ಎರಡೂ ಸಂವಿಧಾನಗಳು ಹಿಂದಿನ ಅನ್ಯಾಯವನ್ನು ಸರಿಪಡಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿವೆ. 1990ರ ದಶಕದಲ್ಲಿ ಬಂಡವಾಳಕ್ಕೆ ಬಾಗಿಲು ತೆರೆಯುವ ಉತ್ಸಾಹದಲ್ಲಿ ಎರಡೂ ದೇಶಗಳು ಕಂಡಕಂಡವರ ಜೊತೆ ದ್ವಿಪಕ್ಷೀಯ ಹೂಡಿಕೆ ಒಪ್ಪಂದಗಳಿಗೆ ಸಹಿ ಹಾಕಿದವು. ಆಮೇಲೆ ಒಂದೊಂದು ಪ್ರಕರಣದಿಂದ ಎರಡೂ ಎಚ್ಚೆತ್ತವು. ಎಚ್ಚೆತ್ತ ಮೇಲೆ ಹಿಡಿದ ದಾರಿ ಮಾತ್ರ ಬೇರೆ.

ದಕ್ಷಿಣ ಆಫ್ರಿಕಾವನ್ನು ಎಚ್ಚರಿಸಿದ್ದು ಗ್ರಾನೈಟ್. ಇಳಕಲ್ಲಿನ ಕೆಂಪು ಕಲ್ಲನ್ನೂ ಚಾಮರಾಜನಗರದ ಕಪ್ಪು ಕಲ್ಲನ್ನೂ ಬಲ್ಲ ಸದಸ್ಯರಿಗೆ ಈ ಕಥೆ ಹತ್ತಿರದ್ದಾಗಿ ಕಂಡೀತು. ಅಲ್ಲಿನ ಗ್ರಾನೈಟ್ ಕ್ವಾರಿಗಳಲ್ಲಿ ಇಟಲಿಯ ಕೆಲವು ಕುಟುಂಬಗಳೂ ಲಕ್ಸೆಂಬರ್ಗಿನ ಒಂದು ಕಂಪನಿಯೂ ಹಣ ಹಾಕಿದ್ದವು. ವರ್ಣಭೇದದ ಕಾಲದಲ್ಲಿ ನೆಲದಡಿಯ ಸಂಪತ್ತೆಲ್ಲ ಬಿಳಿಯರ ಕೈಯಲ್ಲಿತ್ತು. ಅದನ್ನು ಸರಿಪಡಿಸಲು ಬಂದ ಹೊಸ ಖನಿಜ ಕಾನೂನು 2004ರಲ್ಲಿ ಜಾರಿಯಾಯಿತು. ಹಳೆಯ ಗಣಿ ಹಕ್ಕುಗಳನ್ನು ಸರ್ಕಾರಕ್ಕೆ ಒಪ್ಪಿಸಿ ಹೊಸ ಪರವಾನಗಿ ಪಡೆಯಬೇಕಿತ್ತು. ಜೊತೆಗೆ ಕಂಪನಿಯ ಶೇ 26ರಷ್ಟು ಒಡೆತನ, ಹಿಂದೆ ತುಳಿತಕ್ಕೊಳಗಾದ ಸಮುದಾಯದವರಿಗೆ ಹತ್ತು ವರ್ಷದೊಳಗೆ ಸಿಗಬೇಕಿತ್ತು. ಇದು ಆಸ್ತಿ ಕಸಿಯುವ ಕೆಲಸ ಎಂದು ಇಟಲಿಯವರು 2007ರಲ್ಲಿ ಮಧ್ಯಸ್ಥಿಕೆಗೆ ಹೋದರು. ಫೊರೆಸ್ತಿ ಪ್ರಕರಣ ಎಂದು ಹೆಸರಾದದ್ದು ಇದೇ.

ಅರ್ಥಾತ್, ನೆಲ್ಸನ್ ಮಂಡೇಲಾ ಅಧಿಕಾರಕ್ಕೆ ಬಂದ ಮೇಲೆ ಸಹಿಯಾದ ಒಪ್ಪಂದಗಳು, ಮಂಡೇಲಾ ಹೋರಾಡಿದ್ದು ಯಾವುದಕ್ಕೋ ಅದನ್ನೇ ಪ್ರಶ್ನಿಸುವ ಆಯುಧವಾದವು. ಕೊನೆಗೆ ನಡುದಾರಿ ಸಿಕ್ಕಿತು. ಶೇ 26ರ ಬದಲು ಶೇ 5ರಷ್ಟು ಪಾಲನ್ನು ನೌಕರರಿಗೆ ಕೊಡುವುದು, ಉಳಿದದ್ದಕ್ಕೆ ಬದಲಾಗಿ ಕಲ್ಲನ್ನು ಅಲ್ಲಿಯೇ ಕತ್ತರಿಸಿ ಹೊಳಪು ಕೊಡುವ ಕೆಲಸ ಬೆಳೆಸುವುದು ಎಂದಾಯಿತು. ಹೂಡಿಕೆದಾರರು ದಾವೆ ಹಿಂತೆಗೆದುಕೊಂಡರು. 2010ರ ಆಗಸ್ಟ್‌ನಲ್ಲಿ ಮಂಡಳಿ ಅವರಿಂದ ಸರ್ಕಾರಕ್ಕೆ 4 ಲಕ್ಷ ಯೂರೋ ಖರ್ಚು ಕೊಡಿಸಿತು. ವಕೀಲರಿಗೂ ಇತರ ಖರ್ಚಿಗೂ ಸರ್ಕಾರ ಸುರಿದದ್ದು 50 ಲಕ್ಷ ಯೂರೋಗಿಂತ ಹೆಚ್ಚು. ಗೆದ್ದವನು ಸೋತ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಭಾರತವನ್ನು ಎಚ್ಚರಿಸಿದ್ದು ಕಲ್ಲಿದ್ದಲು. ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ ಕಂಪನಿ 1989ರಲ್ಲಿ ಕೋಲ್ ಇಂಡಿಯಾ ಜೊತೆ ಕರಾರು ಮಾಡಿಕೊಂಡು, ಈಗಿನ ಜಾರ್ಖಂಡಿನ ಪಿಪರ್‌ವಾರ್‌ನಲ್ಲಿ ಗಣಿ ಕಟ್ಟಿಕೊಟ್ಟಿತು. ಬೋನಸ್ಸು, ದಂಡದ ಲೆಕ್ಕದಲ್ಲಿ ಜಗಳ ಹುಟ್ಟಿ 2002ರಲ್ಲಿ ಮಧ್ಯಸ್ಥಿಕೆ ತೀರ್ಪು ಕಂಪನಿಯ ಪರ ಬಂತು. ಮೊತ್ತ ದೊಡ್ಡದೇನಲ್ಲ, ಸುಮಾರು 40 ಲಕ್ಷ ಆಸ್ಟ್ರೇಲಿಯನ್ ಡಾಲರ್. ಅದನ್ನು ವಸೂಲು ಮಾಡಲು ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. ತೀರ್ಪನ್ನು ರದ್ದು ಮಾಡಿಸಲು ಕೋಲ್ ಇಂಡಿಯಾ ಕಲ್ಕತ್ತ ಹೈಕೋರ್ಟಿಗೆ ಹೋಯಿತು. ಅಲ್ಲಿಂದ ಸುಪ್ರೀಂ ಕೋರ್ಟು. ವಾಯಿದೆ ಮೇಲೆ ವಾಯಿದೆ. ಎಂಟು ವರ್ಷ ಕಾದ ಕಂಪನಿ ಇನ್ನೊಂದು ಮಂಡಳಿಯ ಮುಂದೆ ಭಾರತ ಸರ್ಕಾರವನ್ನೇ ಎಳೆಯಿತು.

ಅಲ್ಲಿ ನಡೆದದ್ದು ದೆಹಲಿಯ ಅಧಿಕಾರಿಗಳು ನಿರೀಕ್ಷಿಸದ ವಿಷಯ. ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದದಲ್ಲಿ ‘ಹಕ್ಕು ಸಾಧಿಸಲು ಪರಿಣಾಮಕಾರಿ ದಾರಿ ಒದಗಿಸಬೇಕು’ ಎಂಬ ಷರತ್ತು ಇರಲೇ ಇಲ್ಲ. ಅದು ಇದ್ದದ್ದು ಕುವೈತ್ ಜೊತೆಗಿನ ಒಪ್ಪಂದದಲ್ಲಿ. ಆದರೆ ಬೇರೆ ದೇಶದವರಿಗೆ ಕೊಟ್ಟ ಯಾವ ಸವಲತ್ತನ್ನೂ ನಿಮಗೂ ಕೊಡುತ್ತೇವೆ ಎಂದು ಆಸ್ಟ್ರೇಲಿಯಾಕ್ಕೆ ಭಾರತ ಮಾತು ಕೊಟ್ಟಿತ್ತು. ಎದುರುಮನೆಯವರಿಗೆ ಕೊಟ್ಟ ಕೀಲಿಯನ್ನು ಹಿಡಿದು ಪಕ್ಕದ ಮನೆಯವರು ಒಳಬಂದ ಹಾಗಾಯಿತು. ನಿಮ್ಮ ಕೋರ್ಟುಗಳ ವಿಳಂಬವೇ ಒಪ್ಪಂದದ ಉಲ್ಲಂಘನೆ ಎಂದು 2011ರ ನವೆಂಬರ್ 30ರಂದು ಮಂಡಳಿ ಹೇಳಿತು. ಕೆಲವೇ ವರ್ಷಗಳಲ್ಲಿ ಪೂರ್ವಾನ್ವಯ ತೆರಿಗೆಯ ವಿರುದ್ಧ ವೊಡಾಫೋನ್, ಕೇರ್ನ್ ಕಂಪನಿಗಳ ದಾವೆಗಳೂ ಬಂದವು. 2020ರಲ್ಲಿ ಎರಡರಲ್ಲೂ ಭಾರತಕ್ಕೆ ಸೋಲಾಯಿತು. ಕೇರ್ನ್ ಕಂಪನಿ ಪ್ಯಾರಿಸ್ಸಿನಲ್ಲಿ ಭಾರತ ಸರ್ಕಾರದ ಕಟ್ಟಡಗಳ ಮೇಲೆ ಕೋರ್ಟಿನ ಆದೇಶ ತಂದ ಮೇಲೆ, 2021ರ ಆಗಸ್ಟ್‌ನಲ್ಲಿ ಸಂಸತ್ತು ಆ ತೆರಿಗೆಯನ್ನೇ ಕೈಬಿಟ್ಟಿತು. ಕೇರ್ನ್‌ನಿಂದ ಕಟ್ಟಿಸಿಕೊಂಡಿದ್ದ ಸುಮಾರು 7,900 ಕೋಟಿ ರೂಪಾಯಿಯನ್ನು ಸರ್ಕಾರ ವಾಪಸು ಕೊಟ್ಟಿತು.

ಹೀಗೆ ಸುಟ್ಟುಕೊಂಡ ಮೇಲೆ ಎರಡೂ ದೇಶಗಳು ಮೊದಲು ಮಾಡಿದ್ದು ಒಪ್ಪಂದಗಳನ್ನು ರದ್ದು ಮಾಡುವ ಕೆಲಸ. ದಕ್ಷಿಣ ಆಫ್ರಿಕಾ 2012ರಲ್ಲಿ ಬೆಲ್ಜಿಯಂ ಮತ್ತು ಲಕ್ಸೆಂಬರ್ಗ್‌ನಿಂದ ಶುರುಮಾಡಿ, ಜರ್ಮನಿ, ಸ್ಪೇನ್, ಸ್ವಿಟ್ಜರ್ಲೆಂಡ್ ಮುಂತಾದವರಿಗೆ ನೋಟಿಸು ಕೊಟ್ಟಿತು. ಎಲ್ಲವನ್ನೂ ರದ್ದು ಮಾಡಲಿಲ್ಲ, ಮುಖ್ಯವಾದವನ್ನು ಮಾಡಿತು. ಭಾರತ 2016ರಿಂದ ಐವತ್ತಕ್ಕೂ ಹೆಚ್ಚು ದೇಶಗಳಿಗೆ ನೋಟಿಸು ಕಳಿಸಿತು. ವ್ಯತ್ಯಾಸ ಶುರುವಾಗುವುದು ಇದರ ನಂತರ.

ದಕ್ಷಿಣ ಆಫ್ರಿಕಾ ಆ ಜಾಗದಲ್ಲಿ ತನ್ನದೇ ಕಾನೂನು ತಂದಿಟ್ಟಿತು. 2015ರ ಹೂಡಿಕೆ ರಕ್ಷಣಾ ಕಾಯ್ದೆ 2018ರ ಜುಲೈನಲ್ಲಿ ಜಾರಿಗೆ ಬಂತು. ಚಿಕ್ಕ ಕಾಯ್ದೆ, ಒಂದೇ ಸಲ ಕೂತು ಓದಿ ಮುಗಿಸಬಹುದು. ಅದೇ ಪರಿಸ್ಥಿತಿಯಲ್ಲಿರುವ ಸ್ವದೇಶಿ ಹೂಡಿಕೆದಾರರಿಗಿಂತ ವಿದೇಶಿಯರನ್ನು ಕಡಿಮೆಯಾಗಿ ಕಾಣುವಂತಿಲ್ಲ. ಸರ್ಕಾರಿ ಕಚೇರಿಗಳ ನಡವಳಿಕೆ ನ್ಯಾಯಬದ್ಧವಾಗಿರಬೇಕು. ಆಸ್ತಿಯ ಹಕ್ಕು ಸಂವಿಧಾನದ 25ನೇ ವಿಧಿಯ ಪ್ರಕಾರ ಇರುತ್ತದೆ. ಲಾಭವನ್ನು ಕಾನೂನಿಗೆ ಒಳಪಟ್ಟು ಸ್ವದೇಶಕ್ಕೆ ಒಯ್ಯಬಹುದು. ಇಷ್ಟೆಲ್ಲ ಹೇಳಿ, ಹಿಂದಿನ ಅನ್ಯಾಯ ಸರಿಪಡಿಸಲು ನಿಯಮ ಮಾಡುವ ಅಧಿಕಾರ ಸರ್ಕಾರಕ್ಕಿದೆ ಎಂದು ಬೇರೆಯಾಗಿಯೇ ಬರೆದಿದೆ. ಜಗಳ ಬಂದರೆ ಮೊದಲು ಸಂಧಾನಕ್ಕೆ ಅವಕಾಶ, ಇಲ್ಲವೇ ಅಲ್ಲಿನ ಕೋರ್ಟು. ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಸರ್ಕಾರ ಒಪ್ಪಿದರೂ, ಸ್ಥಳೀಯ ಕೋರ್ಟುಗಳ ದಾರಿ ಮುಗಿದ ಮೇಲೆ, ಅದೂ ದೇಶ ಮತ್ತು ದೇಶದ ನಡುವೆ. ಕಂಪನಿಯೊಂದು ಸರ್ಕಾರವನ್ನು ನೇರವಾಗಿ ಎಳೆದು ತರುವ ಬಾಗಿಲನ್ನು ಈ ಕಾಯ್ದೆ ಮುಚ್ಚಿತು. ಯುರೋಪಿನ ಉದ್ಯಮ ವಲಯಕ್ಕೆ ಇದು ಹಿಡಿಸಲಿಲ್ಲ. ಅವರ ಅಸಮಾಧಾನ ಸಹಜವೂ ಹೌದು. ಆದರೆ ಜೋಹಾನ್ಸ್‌ಬರ್ಗಿಗೆ ಹಣ ತರುವ ಯಾರಿಗೇ ಆಗಲಿ, ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಮೊದಲೇ ಗೊತ್ತು.

ಭಾರತ ಅಂಥ ಕಾನೂನು ಬರೆಯಲಿಲ್ಲ. ಬದಲಾಗಿ 2015ರ ಕೊನೆಯಲ್ಲಿ ಒಂದು ಮಾದರಿ ಒಪ್ಪಂದ ತಯಾರಿಸಿ, ಇನ್ನು ಮುಂದೆ ಬರುವವರು ಇದರ ಮೇಲೆ ಮಾತಾಡಲಿ ಎಂದಿತು. ಕುವೈತ್ ಕೀಲಿಗೆ ದಾರಿಯಾದ, ಬೇರೆಯವರಿಗೆ ಕೊಟ್ಟ ಸವಲತ್ತು ನಿಮಗೂ ಎಂಬ ಷರತ್ತನ್ನು ಅದರಿಂದ ತೆಗೆದುಹಾಕಲಾಗಿತ್ತು. ತೆರಿಗೆಯ ವಿಷಯ ಮಧ್ಯಸ್ಥಿಕೆಯ ಹೊರಗೆ. ಕಂಪನಿ ಮಂಡಳಿಯ ಮುಂದೆ ಹೋಗಬಹುದು, ಆದರೆ ಮೊದಲು ಭಾರತದ ಕೋರ್ಟುಗಳಲ್ಲಿ ಕನಿಷ್ಠ ಐದು ವರ್ಷ ಅಲೆದಿರಬೇಕು. ಕೋರ್ಟಿನ ವಿಳಂಬದಿಂದ ಸೋತ ದೇಶ, ಅದೇ ವಿಳಂಬವನ್ನು ಒಪ್ಪಂದದ ಷರತ್ತಾಗಿ ಬರೆದುಕೊಂಡಿತು! ಈ ಮಾದರಿಗೆ ಒಪ್ಪಿ ಸಹಿ ಹಾಕಿದವರು ಬೆರಳೆಣಿಕೆಯ ದೇಶಗಳು. 2024ರಲ್ಲಿ ಯುಎಇ ಕೂತು ಮಾತಾಡಿದಾಗ ಐದು ವರ್ಷ ಮೂರಕ್ಕೆ ಇಳಿಯಿತು. ಮಾದರಿಯನ್ನೇ ಹೂಡಿಕೆದಾರರಿಗೆ ಹಿತವಾಗುವಂತೆ ಪರಿಷ್ಕರಿಸುವುದಾಗಿ 2025ರ ಬಜೆಟ್ಟಿನಲ್ಲಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಪ್ರಕಟಿಸಿದರು.

ಇದರ ಫಲ ಹೀಗಿದೆ. ಜಪಾನಿನವರಿಗೆ ಆರ್ಥಿಕ ಸಹಭಾಗಿತ್ವ ಒಪ್ಪಂದದ ಬಲವಿದೆ, ಕೋರ್ಟಿನಲ್ಲಿ ವರ್ಷಗಟ್ಟಲೆ ಕಾಯುವ ಷರತ್ತಿಲ್ಲ. ದುಬೈನವರು ಮೂರು ವರ್ಷ ಕಾಯಬೇಕು. ಬ್ರೆಜಿಲ್ಲಿನವರು ಮಧ್ಯಸ್ಥಿಕೆಗೆ ನೇರವಾಗಿ ಹೋಗುವಂತೆಯೇ ಇಲ್ಲ. 2017ಕ್ಕೆ ಮೊದಲು ಹಣ ಹಾಕಿದ ಜರ್ಮನ್ ಕಂಪನಿಗೆ ರದ್ದಾದ ಒಪ್ಪಂದದ ನೆರಳು ಇನ್ನೂ ಇದೆ, ಆಮೇಲೆ ಬಂದವರಿಗೆ ಆ ನೆರಳಿಲ್ಲ. ಒಂದೇ ಕೈಗಾರಿಕಾ ಪ್ರದೇಶದ ಒಂದೇ ರಸ್ತೆಯಲ್ಲಿರುವ ನಾಲ್ಕು ಕಾರ್ಖಾನೆಗಳಿಗೆ ನಾಲ್ಕು ಬಗೆಯ ರಕ್ಷಣೆ. ಇಂಥ ಕಡೆ ದೊಡ್ಡ ಕಂಪನಿಗಳು ಏನು ಮಾಡುತ್ತವೆ ಎಂಬುದು ಬೆಂಗಳೂರಿನ ಯಾವ ಕಾರ್ಪೊರೇಟ್ ವಕೀಲರನ್ನು ಕೇಳಿದರೂ ಗೊತ್ತಾಗುತ್ತದೆ. ಒಳ್ಳೆಯ ಒಪ್ಪಂದವಿರುವ ದೇಶದಲ್ಲಿ ಒಂದು ಕಂಪನಿ ತೆರೆದು, ಅದರ ಮೂಲಕ ಹಣ ತರುತ್ತವೆ. ಸಣ್ಣವರಿಗೆ ಆ ಜಾಣ್ಮೆಯ ಖರ್ಚು ಕಟ್ಟುವುದಿಲ್ಲ.

ಆಸ್ತಿಯ ವಿಷಯಕ್ಕೆ ಬಂದರೆ ತಕ್ಕಡಿ ಭಾರತದ ಕಡೆ ವಾಲುತ್ತದೆ. ಇದನ್ನು ಹೇಳದೆ ಬಿಟ್ಟರೆ ತಪ್ಪಾದೀತು. 44ನೇ ತಿದ್ದುಪಡಿಯ ನಂತರ ಆಸ್ತಿ ಇಲ್ಲಿ ಮೂಲಭೂತ ಹಕ್ಕಲ್ಲ ನಿಜ. ಆದರೂ 300ಎ ವಿಧಿ ವಿದೇಶಿಯರನ್ನೂ ಕಾಯುತ್ತದೆ, ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. 2013ರ ಭೂಸ್ವಾಧೀನ ಕಾಯ್ದೆ ಮಾರುಕಟ್ಟೆ ಬೆಲೆಯ ಮೇಲೆ ಹೆಚ್ಚುವರಿ ಸೇರಿಸಿಯೇ ಪರಿಹಾರ ಲೆಕ್ಕ ಹಾಕುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಆಸ್ತಿ ಮೂಲಭೂತ ಹಕ್ಕು. ಪರಿಹಾರ ಮಾತ್ರ ‘ನ್ಯಾಯವೂ ಸಮಂಜಸವೂ’ ಆಗಿದ್ದರೆ ಸಾಕು. ಮಾರುಕಟ್ಟೆ ಬೆಲೆ ಹಲವು ಅಂಶಗಳಲ್ಲಿ ಒಂದಷ್ಟೆ, ಆ ಆಸ್ತಿ ಹಿಂದೆ ಯಾರ ಕೈಗೆ ಹೇಗೆ ಬಂತು ಎಂಬುದೂ ಲೆಕ್ಕಕ್ಕೆ ಬರುತ್ತದೆ. 2025ರ ಜನವರಿಯಲ್ಲಿ ಅಧ್ಯಕ್ಷ ಸಿರಿಲ್ ರಾಮಫೋಸಾ ಸಹಿ ಹಾಕಿದ ಸ್ವಾಧೀನ ಕಾಯ್ದೆ, ಕೆಲವು ಸಂದರ್ಭಗಳಲ್ಲಿ ಪರಿಹಾರ ಶೂನ್ಯವೂ ಆಗಬಹುದು ಎಂದಿತು. ಮರು ತಿಂಗಳೇ ಡೊನಾಲ್ಡ್ ಟ್ರಂಪ್ ಅದನ್ನು ಮುಂದಿಟ್ಟುಕೊಂಡು ಆ ದೇಶದ ನೆರವಿಗೆ ಕತ್ತರಿ ಹಾಕಿದರು.

ಕೋರ್ಟಿನ ವೇಗದಲ್ಲಿ ತಕ್ಕಡಿ ಮತ್ತೆ ತಿರುಗುತ್ತದೆ. ವಿಶ್ವಬ್ಯಾಂಕಿನ 2020ರ ‘ಡೂಯಿಂಗ್ ಬಿಸಿನೆಸ್’ ವರದಿ ಪ್ರಕಾರ ಒಂದು ವಾಣಿಜ್ಯ ಕರಾರನ್ನು ಕೋರ್ಟಿನ ಮೂಲಕ ಜಾರಿ ಮಾಡಿಸಲು ಭಾರತದಲ್ಲಿ 1,445 ದಿನ, ದಕ್ಷಿಣ ಆಫ್ರಿಕಾದಲ್ಲಿ 600 ದಿನ. ಆ ಅಂಶದಲ್ಲಿ ಭಾರತದ ಸ್ಥಾನ 163. ಅಂಕಿಅಂಶಗಳನ್ನು ತಿದ್ದಿದ ಆರೋಪದಲ್ಲಿ ಆ ವರದಿ ಸರಣಿಯೇ ನಿಂತುಹೋಯಿತು, ಹಾಗಾಗಿ ದಿನಗಳನ್ನು ಅಕ್ಷರಶಃ ನಂಬಬೇಕಿಲ್ಲ. ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಿದ ನಮ್ಮ ಯಾವ ಕಕ್ಷಿದಾರರೂ ಆ ಅಂತರದಿಂದ ಬೆಚ್ಚಿಬೀಳಲಾರರು.

ದಕ್ಷಿಣ ಆಫ್ರಿಕಾ ತನ್ನ ಕೋರ್ಟುಗಳನ್ನು ನಂಬಿ ಎಂದು ಹೂಡಿಕೆದಾರರಿಗೆ ಹೇಳುವ ಧೈರ್ಯ ಮಾಡಿತು. ಭಾರತ ಕೋರ್ಟುಗಳಲ್ಲಿ ಇಷ್ಟು ವರ್ಷ ಇರಿ, ಆಮೇಲೆ ಬೇಕಾದರೆ ಹೊರಗೆ ಹೋಗಿ ಎನ್ನುತ್ತಿದೆ. ಮೊದಲನೆಯದು ಹೆಚ್ಚು ಪ್ರಾಮಾಣಿಕ ಎಂಬುದು ಈ ಪತ್ರದ ನಿಲುವು. ಅಲ್ಲಿನ ಪರಿಹಾರದ ನಿಯಮ ಒಪ್ಪದವರೂ ಆ ಕಾಯ್ದೆಯನ್ನು ಕೈಯಲ್ಲಿ ಹಿಡಿದು ಸಂಸತ್ತಿನಲ್ಲಿ ವಾದಿಸಬಹುದು, ಕೋರ್ಟಿನಲ್ಲಿ ಪ್ರಶ್ನಿಸಬಹುದು. ನಮ್ಮಲ್ಲಿ ವಿದೇಶಿ ಹೂಡಿಕೆಯ ರಕ್ಷಣೆ ಎಂಬುದು ಯಾವ ಶಾಸನಸಭೆಯೂ ಚರ್ಚಿಸಿ ಮತ ಹಾಕದ ಒಪ್ಪಂದಗಳಲ್ಲಿ ಚೆದುರಿಹೋಗಿದೆ.

ಬೆಂಗಳೂರಿಗೆ ಈ ಕಾನೂನಿನ ಬಿಸಿ ಗೊತ್ತಿಲ್ಲದ್ದೇನಲ್ಲ. ಇಸ್ರೊದ ವಾಣಿಜ್ಯ ಅಂಗ ಆಂಟ್ರಿಕ್ಸ್ ಮತ್ತು ಬೆಂಗಳೂರಿನದೇ ದೇವಾಸ್ ಕಂಪನಿ 2005ರ ಜನವರಿಯಲ್ಲಿ ಉಪಗ್ರಹ ತರಂಗಾಂತರದ ಕರಾರು ಮಾಡಿಕೊಂಡವು. 2011ರಲ್ಲಿ ಕೇಂದ್ರ ಸಂಪುಟದ ಭದ್ರತಾ ಸಮಿತಿ ಅದನ್ನು ರದ್ದು ಮಾಡಿತು. ಅಲ್ಲಿಂದ ಒಂದೇ ಜಗಳ ಮೂರು ದಾರಿ ಹಿಡಿಯಿತು. ಕರಾರಿನ ಪ್ರಕಾರದ ಮಧ್ಯಸ್ಥಿಕೆಯಲ್ಲಿ 2015ರಲ್ಲಿ ದೇವಾಸ್‌ಗೆ 56.25 ಕೋಟಿ ಡಾಲರ್ ತೀರ್ಪಾಯಿತು. ಅದರ ಮಾರಿಷಸ್ ಹೂಡಿಕೆದಾರರು ಮಾರಿಷಸ್ ಒಪ್ಪಂದದ ಮೂಲಕ, ಜರ್ಮನಿಯ ಡಾಯ್ಚ ಟೆಲಿಕಾಂ ಜರ್ಮನ್ ಒಪ್ಪಂದದ ಮೂಲಕ ಬೇರೆ ಬೇರೆಯಾಗಿ ಗೆದ್ದರು. ಇತ್ತ ವಂಚನೆಯ ಕಾರಣ ಕೊಟ್ಟು 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ದೇವಾಸ್ ಕಂಪನಿಯನ್ನು ಮುಚ್ಚಲು ಆದೇಶಿಸಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು, ಅದೇ ವರ್ಷ ದೆಹಲಿ ಹೈಕೋರ್ಟು 56.25 ಕೋಟಿಯ ತೀರ್ಪನ್ನು ರದ್ದು ಮಾಡಿತು. ಭಾರತದ ಮಟ್ಟಿಗೆ ವಿಷಯ ಮುಗಿಯಿತು, ಹೊರಗೆ ಮುಗಿಯಲಿಲ್ಲ. 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಆಂಟ್ರಿಕ್ಸ್ ವಿರುದ್ಧದ ವಸೂಲಿ ವ್ಯಾಜ್ಯಕ್ಕೆ ಕೆಳ ಕೋರ್ಟು ಒಡ್ಡಿದ್ದ ಒಂದು ಅಡ್ಡಿಯನ್ನು ಸರ್ವಾನುಮತದಿಂದ ತೆಗೆದುಹಾಕಿತು.

ಇಲ್ಲಿ ಸರಿ ಯಾರದು, ತಪ್ಪು ಯಾರದು ಎಂದು ತೀರ್ಮಾನಿಸುವುದು ಈ ಪತ್ರದ ಕೆಲಸವಲ್ಲ. ಕರಾರಾಗಲಿ, ದೇಶಗಳ ನಡುವಿನ ಒಪ್ಪಂದವಾಗಲಿ ರದ್ದಾದ ತಕ್ಷಣ ಹೊಣೆ ಮುಗಿಯುವುದಿಲ್ಲ ಎಂಬುದಷ್ಟೇ ಇಲ್ಲಿ ಗಮನಿಸಬೇಕಾದ್ದು. ಒಪ್ಪಂದ ರದ್ದಾದ ಮೇಲೂ ಹಳೆಯ ಹೂಡಿಕೆಗೆ ಹತ್ತು, ಹದಿನೈದು ವರ್ಷ ರಕ್ಷಣೆ ಮುಂದುವರಿಯುವ ಷರತ್ತು ಅದರಲ್ಲೇ ಇರುತ್ತದೆ.

ಇನ್ನು ಸದಸ್ಯರಿಗೆ ನೇರವಾಗಿ ಸಂಬಂಧಿಸಿದ ಮಾತು. 2024ರ ಜುಲೈನಲ್ಲಿ, ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70ರಷ್ಟನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಗಳ ಗದ್ದಲದ ನಡುವೆ ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಹರಿಯಾಣದ ಶೇ 75ರ ಕಾನೂನನ್ನು ಅಲ್ಲಿನ ಹೈಕೋರ್ಟು 2023ರ ನವೆಂಬರ್‌ನಲ್ಲಿ ರದ್ದು ಮಾಡಿದ್ದು ಆಗಲೇ ಗೊತ್ತಿತ್ತು. ಕನ್ನಡಿಗರಿಗೆ ಕೆಲಸ ಸಿಗಬೇಕೆಂಬ ಬೇಡಿಕೆ ನ್ಯಾಯವಾದದ್ದು. ತನ್ನ ಜನಕ್ಕೆ ಪಾಲು ಕೇಳುವ ಅಧಿಕಾರವನ್ನು ದಕ್ಷಿಣ ಆಫ್ರಿಕಾ ಫೊರೆಸ್ತಿ ಪ್ರಕರಣದ ನಂತರವೂ ಬಿಟ್ಟುಕೊಡಲಿಲ್ಲ. ಅದನ್ನು ಕಾಯ್ದೆಯಲ್ಲೇ ಬರೆದುಕೊಂಡಿತು, ಹಣ ತರುವವರಿಗೆ ಮೊದಲೇ ತಿಳಿಯುವ ಹಾಗೆ. ರಾತ್ರೋರಾತ್ರಿ ಮಸೂದೆ, ಬೆಳಗಾದರೆ ತಡೆ ಎಂಬ ರೀತಿಯಿಂದ ಉದ್ಯೋಗವೂ ಸಿಗಲಿಲ್ಲ, ವಿಶ್ವಾಸವೂ ಉಳಿಯಲಿಲ್ಲ.

ರಾಜ್ಯ ಬೇರೆ ದೇಶಗಳ ಜೊತೆ ಒಪ್ಪಂದ ಮಾಡಲಾಗದು, ಕಾನೂನು ಮಾಡಬಹುದು. 2002ರ ಉದ್ಯಮ ಸೌಲಭ್ಯ ಕಾಯ್ದೆ ಈಗಾಗಲೇ ಇದೆ. ಅದರಲ್ಲಿ ಏಕಗವಾಕ್ಷಿಯ ವಿಚಾರ ವಿಸ್ತಾರವಾಗಿದೆ. ಒಪ್ಪಿಕೊಂಡ ಪ್ರೋತ್ಸಾಹಧನವನ್ನು ಇಂತಿಷ್ಟು ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು ಎಂಬ ಕಟ್ಟುಪಾಡನ್ನು ಅದಕ್ಕೆ ಸೇರಿಸಲು ಒಂದು ತಿದ್ದುಪಡಿ ಸಾಕು. ಜಾತಿ ಪ್ರಮಾಣಪತ್ರ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಪರಿಹಾರ ಕೊಡಿಸುವ ಸಕಾಲ ಕಾಯ್ದೆಯನ್ನು 2011ರಲ್ಲಿ ಮಾಡಿದ್ದು ಇದೇ ಸದನ. ಅಂಥ ಗಡುವು ಕೈಗಾರಿಕಾ ಇಲಾಖೆಗೆ ಯಾಕಿಲ್ಲ ಎಂದು ಕೇಳುವ ಹಕ್ಕು ಸದಸ್ಯರಿಗಿದೆ. ಪೀಣ್ಯದ ಸಣ್ಣ ಉದ್ಯಮಿಯೂ ಜಪಾನಿನ ಕಂಪನಿಯೂ ಇದರಿಂದ ಸಮನಾಗಿ ಲಾಭ ಪಡೆಯುತ್ತಾರೆ.

ರಾಜ್ಯ ಮಾಡಿಕೊಳ್ಳುವ ಪ್ರತಿ ಹೂಡಿಕೆ ಕರಾರಿನಲ್ಲಿ ಜಗಳ ಬಂದರೆ ಎಲ್ಲಿ ಬಗೆಹರಿಸಬೇಕು ಎಂಬುದನ್ನೂ ಬರೆಯಬೇಕು. ಹೈಕೋರ್ಟಿನ ಆಶ್ರಯದ ಮಧ್ಯಸ್ಥಿಕೆ ಕೇಂದ್ರ ಬೆಂಗಳೂರಿನ ಖನಿಜ ಭವನದಲ್ಲೇ ಇದೆ, ಕೈಗಾರಿಕಾ ಇಲಾಖೆಯ ಕಚೇರಿಯೂ ಅದೇ ಕಟ್ಟಡದಲ್ಲಿದೆ. ಸಮಾವೇಶದಲ್ಲಿ ಸಹಿಯಾದ ಒಡಂಬಡಿಕೆಗಳ ಪೈಕಿ ಯಾವುದರಲ್ಲಿ ರಾಜ್ಯ ಎಷ್ಟು ಹಣದ ಮಾತು ಕೊಟ್ಟಿದೆ, ಎಷ್ಟು ಬಾಕಿ ಉಳಿದಿದೆ ಎಂಬ ಪಟ್ಟಿಯನ್ನು ಮುಂದಿನ ಅಧಿವೇಶನದಲ್ಲಿ ಸದನದ ಮುಂದಿಡುವಂತೆ ಕೈಗಾರಿಕಾ ಸಚಿವರನ್ನು ಕೇಳಬೇಕೆಂದು ಎಲ್ಲ ಪಕ್ಷಗಳ ಸದಸ್ಯರಲ್ಲಿ ವಿನಂತಿ.

ಇತಿ,
ಒಬ್ಬ ಮತದಾರ